ಟೈಮರ್ ನಿಲ್ಲಿಸುವುದು ಯಾಕೆ ಇಷ್ಟು ಕಷ್ಟ?

ಕೆಲವು ವರ್ಷಗಳ ಹಿಂದೆ ನಾನೊಂದು ಪುಟ್ಟ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ಕೋಡ್) ಬರೆದಿದ್ದೆ. ಎರಡು ಕೋರ್, ಅಂದರೆ ಎರಡು ಸಿಪಿಯು, ಇರುವ ಸಣ್ಣ ಬೋರ್ಡು, ಅದಕ್ಕೊಂದು ಸೆನ್ಸರ್. ಪ್ರತಿ 100 ಮಿಲಿಸೆಕೆಂಡಿಗೆ ಟೈಮರ್ ಬಡಿಯಬೇಕು, ಸೆನ್ಸರಿನ ರಿಜಿಸ್ಟರ್ ಓದಬೇಕು, ಬಂದ ಅಂಕಿಯನ್ನು ಒಂದು ಪಟ್ಟಿಗೆ ಸೇರಿಸಬೇಕು. ಅಷ್ಟೇ ಕೆಲಸ. ಇನ್ನೂರು ಸಾಲಿನ ಕೋಡ್. ವಾರಗಟ್ಟಲೆ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ದಿನ ಮಾಡ್ಯೂಲ್ ತೆಗೆಯಲು, ಅಂದರೆ ಓಡುತ್ತಿರುವ ಸಿಸ್ಟಮ್ಮಿನಿಂದ ಆ ಡ್ರೈವರನ್ನು ಇಳಿಸಲು, ಹೋದಾಗ ಬೋರ್ಡು ಕಲ್ಲಿನ ಹಾಗೆ ಕೂತುಬಿಟ್ಟಿತು. ಕೀಲಿ ಒತ್ತಿದರೆ ಉತ್ತರವಿಲ್ಲ. ಸೀರಿಯಲ್ ಕನ್ಸೋಲಿನಲ್ಲಿ ಮಾತ್ರ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು:

ವಾಚ್‌ಡಾಗ್: ಬಗ್: ಸಾಫ್ಟ್ ಲಾಕಪ್ - ಸಿಪಿಯು#1 ಸ್ಟಕ್ ಫಾರ್ 22ಎಸ್!

ಒಂದನೇ ಸಿಪಿಯು 22 ಸೆಕೆಂಡಿನಿಂದ ಸಿಕ್ಕಿಹಾಕಿಕೊಂಡಿದೆ ಅಂತ ಅದರ ಅರ್ಥ. ಸ್ವಲ್ಪ ಹೊತ್ತಿಗೆ ಸೊನ್ನೆಯನೇ ಸಿಪಿಯು ಕೂಡ ಅದೇ ರಾಗ ಹಾಡಿತು.

ತಪ್ಪು ಎರಡೇ ಸಾಲಿನಲ್ಲಿತ್ತು. ಮೊದಲ ಸಾಲು ಲಾಕ್ ಹಿಡಿಯುತ್ತಿತ್ತು, ಎರಡನೆಯದು ಟೈಮರ್ ನಿಲ್ಲಿಸುತ್ತಿತ್ತು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿ. ಒಂದರ ಕೆಳಗೆ ಒಂದು ಬಂದದ್ದೇ ತಪ್ಪು. ಯಾಕೆ ಅಂತ ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಹಿಡಿಯದಿರಲಿ ಅಂತ ಇಷ್ಟನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಕರ್ನಲ್ ಬಗ್ಗೆ, ಅಂದರೆ ಪ್ರೋಗ್ರಾಂಗಳಿಗೂ ಯಂತ್ರಕ್ಕೂ ನಡುವೆ ಕೂತ ಲಿನಕ್ಸಿನ ತಿರುಳಿನ ಬಗ್ಗೆ. ಕನ್ನಡದಲ್ಲಿ ಬರೆದಾಗ ಸೇನೆಯ ಕರ್ನಲ್ಲಿಗೂ ಇದಕ್ಕೂ ಅಕ್ಷರದಲ್ಲಿ ವ್ಯತ್ಯಾಸವೇ ಇಲ್ಲ. ಇರಲಿ, ಇಬ್ಬರೂ ಅಪ್ಪಣೆ ಕೊಡುವವರೇ.

ಮೊದಲು ಲಾಕ್. ಎರಡು ಸಿಪಿಯುಗಳು ಒಂದೇ ಪಟ್ಟಿಯನ್ನು ಒಟ್ಟಿಗೆ ತಿದ್ದಿದರೆ ಪಟ್ಟಿ ಹಾಳಾಗುತ್ತದೆ. ಅದಕ್ಕೇ ಒಬ್ಬರು ಒಳಗಿದ್ದಾಗ ಚಿಲಕ ಹಾಕಿಕೊಳ್ಳುತ್ತಾರೆ, ಇನ್ನೊಬ್ಬರು ಹೊರಗೆ ಕಾಯುತ್ತಾರೆ. ಕಾಯುವುದರಲ್ಲಿ ಎರಡು ಬಗೆ. ಮ್ಯೂಟೆಕ್ಸ್ ಆದರೆ ಹೊರಗಿನವರು 'ಖಾಲಿಯಾದಾಗ ಎಬ್ಬಿಸಿ' ಅಂತ ಹೇಳಿ ಮಲಗಿಬಿಡುತ್ತಾರೆ, ಆ ಹೊತ್ತಿಗೆ ಸಿಪಿಯು ಬೇರೆ ಕೆಲಸ ನೋಡಿಕೊಳ್ಳುತ್ತದೆ. ಸ್ಪಿನ್‌ಲಾಕ್ ಆದರೆ ಬಾಗಿಲ ಮುಂದೆಯೇ ನಿಂತು 'ಆಯ್ತಾ? ಆಯ್ತಾ?' ಅಂತ ತಟ್ಟುತ್ತಲೇ ಇರುತ್ತಾರೆ. ಸಿಪಿಯು ಬೇರೇನೂ ಮಾಡುವುದಿಲ್ಲ. ಒಳಗಿನ ಕೆಲಸ ಕ್ಷಣದಲ್ಲಿ ಮುಗಿಯುವುದಾದರೆ ಇದೇ ಲಾಭ, ಮಲಗಿ ಏಳುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಇನ್ನು ಟೈಮರ್. 'ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಕರೆ' ಅಂತ ಕರ್ನಲ್ಲಿಗೆ ಹೇಳಿಡುವುದು. ಆ ಫಂಕ್ಷನ್ನಿಗೆ ಕಾಲ್‌ಬ್ಯಾಕ್ ಅನ್ನುತ್ತೇವೆ. ಸಾಮಾನ್ಯ ಟೈಮರ್‌ಗಳು ಜಿಫಿ ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಸೆಕೆಂಡಿಗೆ ಎಷ್ಟು ಜಿಫಿ ಅನ್ನುವುದನ್ನು ಕರ್ನಲ್ ಕಟ್ಟುವಾಗಲೇ ಆರಿಸಬೇಕು: 100, 250, 1000 ಹೀಗೆ. 250 ಅಂದರೆ 4 ಮಿಲಿಸೆಕೆಂಡಿಗೆ ಒಂದು ಟಿಕ್.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಈ ಕಾಲ್‌ಬ್ಯಾಕ್ ಎಲ್ಲಿ ಓಡುತ್ತದೆ? ಅದಕ್ಕೇ ಅಂತ ಒಂದು ಥ್ರೆಡ್ (ತನ್ನ ಪಾಡಿಗೆ ಓಡುವ ಕೆಲಸ) ಎಲ್ಲೋ ಕಾದು ಕೂತಿರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಗಡಿಯಾರದ ಇಂಟರಪ್ಟ್, ಅಂದರೆ 'ಕೈಯಲ್ಲಿದ್ದದ್ದು ಬಿಟ್ಟು ಇತ್ತ ನೋಡು' ಅನ್ನುವ ಹಾರ್ಡ್‌ವೇರಿನ ಕರೆ, ಬಂದಾಗ ಆ ಸಿಪಿಯು ಮೇಲೆ ಯಾವ ಪ್ರೋಗ್ರಾಂ ಓಡುತ್ತಿತ್ತೋ ಅದನ್ನು ಅಲ್ಲೇ ತಡೆದು ನಿಲ್ಲಿಸಿ, ಇಂಟರಪ್ಟ್ ಮುಗಿಯುವ ಹೊತ್ತಿನಲ್ಲಿ, ಸಾಫ್ಟ್‌ಐಆರ್‌ಕ್ಯೂ ಎಂಬ ಹಂತದಲ್ಲಿ ಕಾಲ್‌ಬ್ಯಾಕ್ ಓಡುತ್ತದೆ. ಅಂದರೆ ಯಾರದೋ ಬೆನ್ನೇರಿ ಸವಾರಿ. ಸವಾರಿ ಮಾಡುವವನು ನಡುದಾರಿಯಲ್ಲಿ ನಿದ್ದೆ ಮಾಡುವ ಹಾಗಿಲ್ಲ, ಅಲ್ವಾ? ಹಾಗಾಗಿ ಕಾಲ್‌ಬ್ಯಾಕಿನಲ್ಲಿ ಮ್ಯೂಟೆಕ್ಸ್ ಹಿಡಿಯುವಂತಿಲ್ಲ. ನಿದ್ದೆ ಹೋಗಬಹುದಾದ ಯಾವ ಫಂಕ್ಷನ್ನನ್ನೂ ಕರೆಯುವಂತಿಲ್ಲ. ಉಳಿಯುವುದು ಸ್ಪಿನ್‌ಲಾಕ್ ಒಂದೇ. ಮುಂದಿನ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದ.

ತನಗೆ ತಾನೇ ಕಾದವನು

ಒಬ್ಬನೇ ಗುಮಾಸ್ತ ಇರುವ ಅಂಗಡಿ ಅಂದುಕೊಳ್ಳಿ. ಲೆಕ್ಕದ ಪುಸ್ತಕ ಬರೆಯುವಾಗ ಪಕ್ಕದಲ್ಲಿ 'ಬರೆಯುತ್ತಿದ್ದೇನೆ, ಮುಟ್ಟಬೇಡಿ' ಅಂತ ಬೋರ್ಡ್ ಇಡುತ್ತಾನೆ. ಅಂಗಡಿಯಲ್ಲಿ ಇನ್ನೊಂದು ನಿಯಮವಿದೆ: ಗಂಟೆ ಹೊಡೆದರೆ ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು, ಗಂಟೆಯ ಕೆಲಸ ಮುಗಿಸಿಯೇ ವಾಪಸ್ ಬರಬೇಕು. ಅರ್ಧ ಸಾಲು ಬರೆದಿದ್ದಾನೆ, ಗಂಟೆ ಹೊಡೆಯಿತು. ಗಂಟೆಯ ಕೆಲಸ ಏನಪ್ಪಾ ಅಂದರೆ ಅದೇ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ನೋಡಿದರೆ ಬೋರ್ಡ್ ಇದೆ. ಗುಮಾಸ್ತ ನಿಯಮದವನು, ಬೋರ್ಡ್ ತೆಗೆಯಲಿ ಅಂತ ಕಾಯುತ್ತಾ ನಿಂತ. ತೆಗೆಯಬೇಕಾದವನು ಅವನೇ.

ಕರ್ನಲ್ಲಿನಲ್ಲಿ ಇದು ಅಕ್ಷರಶಃ ನಡೆಯುತ್ತದೆ. ನಿಮ್ಮ ಪ್ರೋಗ್ರಾಂ ಡ್ರೈವರಿನೊಳಗೆ ಬಂದು ಸ್ಪಿನ್‌_ಲಾಕ್ ಹಿಡಿಯಿತು. ಪಟ್ಟಿ ತಿದ್ದುತ್ತಿರುವಾಗ ಅದೇ ಸಿಪಿಯು ಮೇಲೆ ಗಡಿಯಾರದ ಇಂಟರಪ್ಟ್ ಬಂತು. ಕಾಲ್‌ಬ್ಯಾಕ್ ಶುರುವಾಗಿ ಅದೇ ಲಾಕ್ ಕೇಳಿತು. ಲಾಕ್ ಬಿಡಬೇಕಾದ ಕೋಡ್ ಕಾಲ್‌ಬ್ಯಾಕಿನ ಕೆಳಗೆ ಸಿಕ್ಕಿಕೊಂಡಿದೆ. ಕಾಲ್‌ಬ್ಯಾಕ್ ಮುಗಿಯದೆ ಅದು ಮುಂದೆ ಹೋಗದು, ಅದು ಲಾಕ್ ಬಿಡದೆ ಕಾಲ್‌ಬ್ಯಾಕ್ ಮುಗಿಯದು.

ಮದ್ದು ಸುಲಭ. ಪುಸ್ತಕ ಬರೆಯುವಷ್ಟು ಹೊತ್ತು ಗಂಟೆಯ ಕೆಲಸವನ್ನು ತಡೆದಿಡುವುದು. ಸ್ಪಿನ್‌_ಲಾಕ್ ಬದಲು ಸ್ಪಿನ್‌_ಲಾಕ್‌_ಬಿಎಚ್ ಬಳಸಿದರೆ, ಲಾಕ್ ಕೈಯಲ್ಲಿರುವ ತನಕ ಆ ಸಿಪಿಯು ಮೇಲೆ ಸಾಫ್ಟ್‌ಐಆರ್‌ಕ್ಯೂ ಓಡುವುದಿಲ್ಲ. ಬಿಎಚ್ ಅಂದರೆ ಬಾಟಮ್ ಹಾಫ್. ಇಂಟರಪ್ಟಿನ ಕೆಲಸವನ್ನು ಮೇಲರ್ಧ, ಕೆಳಗರ್ಧ ಅಂತ ಸೀಳುತ್ತಿದ್ದ ಹಳೆಯ ಕಾಲದ ಹೆಸರು. ಆ ಕಾಲದ ಬಿಎಚ್ ಕೋಡ್ ಹೋಯಿತು, ಹೆಸರು ಉಳಿಯಿತು.

ಒಂದು ಸೂಕ್ಷ್ಮ ಗಮನಿಸಿ. ಬಿಎಚ್ ಬೇಕಾಗುವುದು ಪ್ರೋಗ್ರಾಂ ಕಡೆಯಿಂದ ಬರುವ ಕೋಡಿಗೆ. ಕಾಲ್‌ಬ್ಯಾಕಿನ ಒಳಗೆ ಬರೀ ಸ್ಪಿನ್‌_ಲಾಕ್ ಸಾಕು, ಯಾಕೆಂದರೆ ಅದು ಆಗಲೇ ಸಾಫ್ಟ್‌ಐಆರ್‌ಕ್ಯೂನಲ್ಲಿದೆ, ಅದರ ಮೇಲೆ ಅದೇ ಸಿಪಿಯುನಲ್ಲಿ ಇನ್ನೊಂದು ಸಾಫ್ಟ್‌ಐಆರ್‌ಕ್ಯೂ ಬಂದು ಕೂರುವುದಿಲ್ಲ. ಅದೇ ಲಾಕನ್ನು ಹಾರ್ಡ್‌ವೇರ್ ಇಂಟರಪ್ಟಿನಲ್ಲೂ ಹಿಡಿಯುವುದಾದರೆ ಕಥೆ ಬೇರೆ, ಆಗ ಎರಡೂ ಕಡೆ ಇಂಟರಪ್ಟನ್ನೇ ಮುಚ್ಚುವ ಸ್ಪಿನ್‌_ಲಾಕ್‌_ಐಆರ್‌ಕ್ಯೂಸೇವ್ ಬೇಕು. ನಿಖರ ಸಮಯ ಬೇಕಾದವರು ಬಳಸುವ ಎಚ್‌ಆರ್‌ಟೈಮರ್ ಇದೆಯಲ್ಲ, 2006ರಲ್ಲಿ ಬಂದದ್ದು, ಅದರ ಕಾಲ್‌ಬ್ಯಾಕ್ ಬೇರೆ ಏನೂ ಹೇಳದಿದ್ದರೆ ಹಾರ್ಡ್‌ವೇರ್ ಇಂಟರಪ್ಟಿನೊಳಗೇ ಓಡುತ್ತದೆ. ಮಾಮೂಲಿ ಟೈಮರಿನಿಂದ ಎಚ್‌ಆರ್‌ಟೈಮರಿಗೆ ಬದಲಾಯಿಸಿ, ಲಾಕುಗಳನ್ನು ಹಾಗೇ ಬಿಟ್ಟು ಒದ್ದಾಡಿದವರನ್ನು ನಾನು ನೋಡಿದ್ದೇನೆ.

ಅಂದಹಾಗೆ, ನನ್ನ ಕನ್ಸೋಲಿನ ಆ 22 ಸೆಕೆಂಡಿನ ಸಾಲು ಬಂದದ್ದೂ ಒಂದು ಎಚ್‌ಆರ್‌ಟೈಮರಿನಿಂದಲೇ. ಪ್ರತಿ ಸಿಪಿಯುಗೂ ಕರ್ನಲ್ ಒಂದು ಕಾವಲು ಟೈಮರ್ ಇಟ್ಟಿರುತ್ತದೆ. ಸುಮ್ನೆ ಬಿಟ್ಟರೆ 4 ಸೆಕೆಂಡಿಗೊಮ್ಮೆ ಅದು ಎದ್ದು 'ಇಲ್ಲಿ ಶೆಡ್ಯೂಲರಿಗೆ (ಯಾವ ಕೆಲಸ ಯಾವಾಗ ಓಡಬೇಕು ಅಂತ ತೀರ್ಮಾನಿಸುವವನಿಗೆ) ಕೆಲಸ ಬದಲಾಯಿಸಲು ಅವಕಾಶ ಸಿಕ್ಕಿ ಎಷ್ಟು ಹೊತ್ತಾಯಿತು?' ಅಂತ ನೋಡುತ್ತದೆ. 20 ಸೆಕೆಂಡು ದಾಟಿದ್ದರೆ ಕೂಗುತ್ತದೆ. ಸ್ಪಿನ್‌ಲಾಕಿನ ಮುಂದೆ ನಿಂತವನು ಸಿಪಿಯು ಬಿಟ್ಟುಕೊಡುವುದಿಲ್ಲ, ಆದರೆ ಹಾರ್ಡ್‌ವೇರ್ ಇಂಟರಪ್ಟ್ ತೆರೆದಿದ್ದರೆ ಕಾವಲಿನವನು ಒಳಗೆ ಬರಬಹುದು. ಇಂಟರಪ್ಟೂ ಮುಚ್ಚಿದ್ದರೆ? ಆಗ ಕಾವಲಿನ ಟೈಮರೇ ಬಡಿಯದು. ಅದಕ್ಕೆ ಇನ್ನೊಬ್ಬ ಕಾವಲಿನವನಿದ್ದಾನೆ, ಮುಚ್ಚಲಾಗದ ಎನ್‌ಎಂಐ ಎಂಬ ಇಂಟರಪ್ಟಿನ ಮೇಲೆ ಬರುವವನು. ಮೊದಲಿನವನು ಎದ್ದಿದ್ದಾನೋ ಇಲ್ಲವೋ ಅಂತ ನೋಡುವುದೇ ಅವನ ಕೆಲಸ.

ನನ್ನ ಎರಡು ಸಾಲು

ಈಗ ನನ್ನ ತಪ್ಪಿಗೆ ಬರೋಣ. ನಾನು ಬಿಎಚ್ ಹಾಕಿದ್ದೆ, ಆದ್ದರಿಂದ ಮೊದಲ ಗುಂಡಿಗೆ ಬಿದ್ದಿರಲಿಲ್ಲ. ಬಿದ್ದದ್ದು ಎರಡನೆಯದಕ್ಕೆ.

ಟೈಮರ್ ನಿಲ್ಲಿಸಲು ಎರಡು ದಾರಿ. ಟೈಮರ್_ಡಿಲೀಟ್ ಒಂದು: ಟೈಮರ್ ಇನ್ನೂ ಬಡಿದಿಲ್ಲವಾದರೆ ಸಾಲಿನಿಂದ ಕಿತ್ತುಹಾಕುತ್ತದೆ. ಆದರೆ ಕಾಲ್‌ಬ್ಯಾಕ್ ಇನ್ನೊಂದು ಸಿಪಿಯು ಮೇಲೆ ಆಗಲೇ ಶುರುವಾಗಿದ್ದರೆ ಅದಕ್ಕೆ ಸಂಬಂಧವಿಲ್ಲ, ಸುಮ್ಮನೆ ವಾಪಸ್ ಬರುತ್ತದೆ. ನೀವು 'ನಿಂತಿತು' ಅಂದುಕೊಂಡು ಮೆಮೊರಿ ಬಿಡುಗಡೆ ಮಾಡುತ್ತೀರಿ, ಅತ್ತ ಕಾಲ್‌ಬ್ಯಾಕ್ ಅದೇ ಮೆಮೊರಿಯಲ್ಲಿ ಬರೆಯುತ್ತಿರುತ್ತದೆ. ಅದಕ್ಕೇ ಇನ್ನೊಂದು, ಟೈಮರ್_ಡಿಲೀಟ್_ಸಿಂಕ್. ಕಿತ್ತುಹಾಕುವುದರ ಜೊತೆಗೆ, ಓಡುತ್ತಿರುವ ಕಾಲ್‌ಬ್ಯಾಕ್ ಮುಗಿಯುವ ತನಕ ಕಾಯುತ್ತದೆ. ಹಳೆಯ ಕೋಡಿನಲ್ಲಿ ಇದರ ಹೆಸರು ಡೆಲ್_ಟೈಮರ್_ಸಿಂಕ್. ನಾನು ಬಳಸಿದ್ದು ಅದನ್ನೇ, ಮತ್ತು ಬಳಸಿದ್ದು ಸರಿಯೇ. ಎಲ್ಲಿ ಬಳಸಿದೆ ಅನ್ನುವುದು ಪ್ರಶ್ನೆ.

ನಡೆದದ್ದು ಹೀಗೆ. ಸಿಪಿಯು 0ರಲ್ಲಿ ನನ್ನ ಡ್ರೈವರ್ ಮುಚ್ಚುವ ಕೋಡ್ ಪಟ್ಟಿಯ ಲಾಕ್ ಹಿಡಿಯಿತು. ಅದೇ ಗಳಿಗೆಯಲ್ಲಿ ಸಿಪಿಯು 1ರಲ್ಲಿ ಟೈಮರ್ ಬಡಿಯಿತು. ಕಾಲ್‌ಬ್ಯಾಕ್ ಸೆನ್ಸರ್ ಓದಿ, ಪಟ್ಟಿಗೆ ಸೇರಿಸಲು ಲಾಕ್ ಕೇಳಿತು. ಸಿಗಲಿಲ್ಲ, ಬಾಗಿಲು ತಟ್ಟುತ್ತಾ ನಿಂತಿತು. ಸಿಪಿಯು 0 ಮುಂದಿನ ಸಾಲಿಗೆ ಹೋಯಿತು: 'ಟೈಮರ್ ನಿಲ್ಲಿಸು, ಓಡುತ್ತಿದ್ದರೆ ಮುಗಿಯುವ ತನಕ ಕಾಯಿ.' ಓಡುತ್ತಿದೆಯಾ? ಓಡುತ್ತಿದೆ. ಸರಿ, ಕಾಯೋಣ. ಇವನು ಅವನಿಗೆ, ಅವನು ಇವನಿಗೆ.

ಎರಡು ಲಾಕುಗಳನ್ನು ಉಲ್ಟಾ ಕ್ರಮದಲ್ಲಿ ಹಿಡಿದರೆ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುವ ಡೆಡ್‌ಲಾಕ್ ಆಗುತ್ತದೆ ಅನ್ನುವುದು ಕರ್ನಲ್ ಮುಟ್ಟಿದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಕೋಡಿನಲ್ಲಿ ಇದ್ದದ್ದು ಒಂದೇ ಲಾಕ್. ಎರಡನೆಯದು ಎಲ್ಲಿಂದ ಬಂತು ಅಂತ ಎರಡು ದಿನ ಹುಡುಕಿದೆ. ಕೊನೆಗೆ ಹೊಳೆದದ್ದು ಇಷ್ಟು: ಟೈಮರ್_ಡಿಲೀಟ್_ಸಿಂಕ್ ಕೂಡ ಒಂದು ಲಾಕೇ. ಹೆಸರಿನಲ್ಲಿ ಲಾಕ್ ಅಂತ ಇಲ್ಲ, ಅಷ್ಟೇ. ಯಾರಿಗಾದರೂ ಕಾಯುವ ಕೋಡ್ ಎಲ್ಲೇ ಇರಲಿ, ಅಲ್ಲೊಂದು ಬೀಗ ಇದೆ ಅಂತಲೇ ಲೆಕ್ಕ.

ಈ ಕಾಯುವಿಕೆ ಒಳಗೆ ಹೇಗಿದೆ ಅಂತ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ಪ್ರತಿ ಸಿಪಿಯುಗೂ ತನ್ನದೇ ಟೈಮರ್ ಕಟ್ಟೆ ಇದೆ, ಟೈಮರ್ ಬೇಸ್ ಅಂತ. ಅದಕ್ಕೆ ತನ್ನದೇ ಸ್ಪಿನ್‌ಲಾಕ್. ಹೊತ್ತಾದ ಟೈಮರನ್ನು ಕರ್ನಲ್ ಸಾಲಿನಿಂದ ತೆಗೆದು, 'ಈಗ ಓಡುತ್ತಿರುವುದು ಇದು' ಅಂತ ಬೇಸಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಬೇಸಿನ ಲಾಕ್ ಬಿಟ್ಟು ನಿಮ್ಮ ಕಾಲ್‌ಬ್ಯಾಕ್ ಕರೆಯುತ್ತದೆ. ಬಿಡಲೇಬೇಕು. ನಿಮ್ಮ ಕಾಲ್‌ಬ್ಯಾಕ್ 'ಇನ್ನು 100 ಮಿಲಿಸೆಕೆಂಡಿಗೆ ಮತ್ತೆ ಕರೆ' ಅಂತ ತನ್ನನ್ನೇ ಮತ್ತೆ ಸಾಲಿಗೆ ಹಾಕಬಹುದು. ಅದಕ್ಕೆ ಬೇಸಿನ ಲಾಕ್ ಬೇಕು. ಹಿಡಿದುಕೊಂಡೇ ಕರೆದಿದ್ದರೆ ಮತ್ತೆ ಗುಮಾಸ್ತನ ಕಥೆ. ಇತ್ತ ಸಿಂಕ್ ಮಾಡಲು ಬಂದವನು ಆ ಗುರುತು ನೋಡುತ್ತಾನೆ. ತನ್ನ ಟೈಮರಿನದೇ ಆಗಿದ್ದರೆ ಒಂದು ಉಸಿರು ಬಿಟ್ಟು ಮತ್ತೆ ನೋಡುತ್ತಾನೆ. ಮತ್ತೆ. ಮತ್ತೆ. ಅಷ್ಟೇ ಇರುವುದು. ಸ್ಪಿನ್‌ಲಾಕಿನ ಮುಂದೆ ನಿಂತವನಿಗೂ ಇವನಿಗೂ ಏನೂ ವ್ಯತ್ಯಾಸವಿಲ್ಲ.

ಆಗುವ ಮೊದಲೇ ಹೇಳುವವನು

ಇಂಥ ತಪ್ಪಿನ ಕಾಟ ಏನೆಂದರೆ, ಅದು ಕಾಣಿಸಿಕೊಳ್ಳಲು ಎರಡು ಸಿಪಿಯುಗಳ ಗಳಿಗೆ ಕೂಡಿಬರಬೇಕು. ಸಾವಿರ ಸಲ ಪರೀಕ್ಷೆ ಮಾಡಿದರೂ ಸಿಗದೆ ಹೋಗಬಹುದು. ಕರ್ನಲ್ ಬರೆಯುವವರು ಇಂಥದ್ದನ್ನು ಬೇಗ ಬಯಲಿಗೆಳೆಯುವುದರಲ್ಲಿ ಜಾಣರು. ಒಂದು ಸಣ್ಣ ಉದಾಹರಣೆ: 32 ಬಿಟ್ಟಿನ ಜಿಫಿ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರಲು, ಸೆಕೆಂಡಿಗೆ 1000 ಅಂದರೂ 49 ದಿನಕ್ಕಿಂತ ಜಾಸ್ತಿ ಬೇಕು. ಅಷ್ಟು ದಿನ ಯಾರು ಕಾಯುತ್ತಾರೆ? ಅದಕ್ಕೇ ಲಿನಕ್ಸ್ ಜಿಫಿಯನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ, ತುಂಬಲು 5 ನಿಮಿಷ ಇರುವಾಗಿನ ಅಂಕಿಯಿಂದ ಶುರು ಮಾಡುತ್ತದೆ. ಲೆಕ್ಕ ತಪ್ಪಿದ ಡ್ರೈವರ್ ಬೂಟ್ ಆದ 5 ನಿಮಿಷಕ್ಕೇ ಸಿಕ್ಕಿಬೀಳುತ್ತದೆ.

ಲಾಕಿಗೆ ಇದೇ ಬಗೆಯ ಜಾಣತನ ಲಾಕ್‌ಡೆಪ್. ಇಂಗೊ ಮೋಲ್ನಾರ್ ಬರೆದದ್ದು, 2006ರಲ್ಲಿ 2.6.18 ಕರ್ನಲ್ಲಿಗೆ ಸೇರಿತು. ಯಾವ ಲಾಕ್ ಕೈಯಲ್ಲಿರುವಾಗ ಯಾವ ಲಾಕ್ ಹಿಡಿದರು ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಅ ಹಿಡಿದು ಆ, ಇನ್ನೆಲ್ಲೋ ಆ ಹಿಡಿದು ಅ ಅಂತ ಕಂಡರೆ ತಕ್ಷಣ ಬೊಬ್ಬೆ ಹಾಕುತ್ತದೆ. ಯಂತ್ರ ನಿಲ್ಲಬೇಕಾಗಿಲ್ಲ. ಎರಡು ಘಟನೆಗಳು ಬೇರೆ ಬೇರೆ ದಿನ ನಡೆದಿದ್ದರೂ ಸಾಕು.

ಆದರೆ ಟೈಮರಿನ ಕಾಯುವಿಕೆ ಲಾಕ್ ಅಲ್ಲವಲ್ಲ, ಲಾಕ್‌ಡೆಪ್ ಕಣ್ಣಿಗೆ ಹೇಗೆ ಬೀಳಬೇಕು? 2009ರಲ್ಲಿ ಯೋಹಾನೆಸ್ ಬರ್ಗ್ ಒಂದು ಚಂದದ ಉಪಾಯ ಮಾಡಿದರು. ಪ್ರತಿ ಟೈಮರಿಗೂ ಒಂದು ಸುಳ್ಳು ಲಾಕ್ ಅಂಟಿಸಿದರು. ಅದು ಯಾರನ್ನೂ ತಡೆಯುವುದಿಲ್ಲ, ಬರೀ ಹೆಸರಿಗೆ. ಕಾಲ್‌ಬ್ಯಾಕ್ ಓಡುವಾಗ 'ಈ ಲಾಕ್ ಹಿಡಿದಿದ್ದೇನೆ' ಅನ್ನುತ್ತದೆ. ಸಿಂಕ್ ಮಾಡುವವನು ಬಂದ ಕೂಡಲೇ 'ಹಿಡಿದೆ, ಬಿಟ್ಟೆ' ಅನ್ನುತ್ತಾನೆ. ಅಷ್ಟಕ್ಕೇ ಲಾಕ್‌ಡೆಪ್ ಪುಸ್ತಕದಲ್ಲಿ ನನ್ನ ಎರಡು ಸಾಲು ವೃತ್ತವಾಗಿ ಕಾಣುತ್ತವೆ: ಪಟ್ಟಿಯ ಲಾಕ್ ಹಿಡಿದು ಟೈಮರಿನ ಲಾಕ್, ಟೈಮರಿನ ಲಾಕ್ ಹಿಡಿದು ಪಟ್ಟಿಯ ಲಾಕ್.

ನನ್ನ ಬೋರ್ಡಿನ ಕರ್ನಲ್ಲಿನಲ್ಲಿ ಲಾಕ್‌ಡೆಪ್ ಆಫ್ ಮಾಡಿಟ್ಟಿದ್ದರು, ನಿಧಾನವಾಗುತ್ತದೆ ಅಂತ. ಗ್ರಾಹಕರಿಗೆ ಕೊಡುವ ಕರ್ನಲ್ಲಿನಲ್ಲಿ ಆಫ್ ಮಾಡುವುದು ಸರಿ. ಕೆಲಸ ಮಾಡುವ ಮೇಜಿನ ಮೇಲೆ ಆಫ್ ಮಾಡಿದ್ದು ದಡ್ಡತನ. ಹಾಕಿ ಕಟ್ಟಿದ ಮೇಲೆ ಮಾಡ್ಯೂಲ್ ತೆಗೆದ ಮೊದಲ ಸಲವೇ, ಬೋರ್ಡು ನಿಲ್ಲದೇ ಇದ್ದರೂ, ವೃತ್ತಾಕಾರದ ಅವಲಂಬನೆ ಇರಬಹುದು ಅಂತ ಸಾಲುಸಾಲಾಗಿ ಬರೆದು ತೋರಿಸಿತು.

ಲಾಕ್ ಬಿಟ್ಟು ಕಾದರೂ ಮುಗಿಯಲಿಲ್ಲ

ಹಾಗಾದರೆ ಮೊದಲು ಲಾಕ್ ಬಿಡೋಣ, ಆಮೇಲೆ ಟೈಮರ್ ನಿಲ್ಲಿಸೋಣ. ಸರಿ. ಆದರೆ ನಿಲ್ಲಿಸಿ ಬಂದ ಮೇಲೆ ಬೇರೆ ಯಾರೋ ಆ ಟೈಮರನ್ನು ಮತ್ತೆ ಹಚ್ಚಿದರೆ? ಕಾಲ್‌ಬ್ಯಾಕ್ ತನ್ನನ್ನು ತಾನೇ ಹಚ್ಚಿಕೊಂಡರೆ ತೊಂದರೆಯಿಲ್ಲ, ಕಾದು ನಿಂತವನು ಮತ್ತೊಮ್ಮೆ ನೋಡಿ ಅದನ್ನೂ ಕಿತ್ತುಹಾಕುತ್ತಾನೆ. ಕಷ್ಟ ಇರುವುದು ಮೂರನೆಯವರದು.

ಮಾಮೂಲಿ ಉದಾಹರಣೆ, ನಿದ್ದೆ ಮಾಡಬಹುದಾದ ಥ್ರೆಡ್ಡಿಗೆ ಕೆಲಸ ಒಪ್ಪಿಸುವ ವರ್ಕ್‌ಕ್ಯೂ. ಕಾಲ್‌ಬ್ಯಾಕಿನಲ್ಲಿ ನಿದ್ದೆ ಮಾಡುವ ಹಾಗಿಲ್ಲವಾದ್ದರಿಂದ ಜನ ಭಾರದ ಕೆಲಸವನ್ನು ವರ್ಕ್‌ಕ್ಯೂಗೆ ದಾಟಿಸುತ್ತಾರೆ. ಆ ಕೆಲಸ ಮುಗಿದ ಮೇಲೆ ಅದೇ ಟೈಮರನ್ನು ಮತ್ತೆ ಹಚ್ಚುತ್ತದೆ. ಈಗ ಮುಚ್ಚುವಾಗ ಯಾವುದನ್ನು ಮೊದಲು ನಿಲ್ಲಿಸುತ್ತೀರಿ? ಟೈಮರ್ ನಿಲ್ಲಿಸಿದರೆ ವರ್ಕ್ ಅದನ್ನು ಹಚ್ಚುತ್ತದೆ. ವರ್ಕ್ ನಿಲ್ಲಿಸಿದರೆ ಟೈಮರ್ ಅದನ್ನು ಎಬ್ಬಿಸುತ್ತದೆ. ಹಿಂದೆಲ್ಲ 'ಮುಚ್ಚುತ್ತಿದ್ದೇವೆ' ಅಂತ ಒಂದು ಗುರುತು ಇಟ್ಟು, ಲಾಕ್ ಹಿಡಿದು ಅದನ್ನು ಎಲ್ಲ ಕಡೆ ನೋಡಬೇಕಿತ್ತು. ಒಂದು ಕಡೆ ಮರೆತರೆ ಮುಗಿಯಿತು.

ಮರೆತಾಗ ಏನಾಗುತ್ತದೆ ಅನ್ನುವುದು ಇನ್ನೂ ಸ್ವಾರಸ್ಯ. ಟೈಮರ್ ಇನ್ನೂ ಸಾಲಿನಲ್ಲಿದೆ, ಆದರೆ ಅದಿದ್ದ ಮೆಮೊರಿಯನ್ನು ಬಿಡುಗಡೆ ಮಾಡಿದ್ದೀರಿ. ಆ ಜಾಗದಲ್ಲಿ ಈಗ ಬೇರೆ ಯಾರದೋ ಸಂಸಾರ. ಕೆಲವು ಸೆಕೆಂಡುಗಳ ನಂತರ ಟಿಕ್ ಬಂದಾಗ ಕರ್ನಲ್ ಅಲ್ಲಿಗೆ ಹೋಗಿ, ಕಸವನ್ನು ವಿಳಾಸ ಅಂತ ನಂಬಿ ಹಾರುತ್ತದೆ. ಯಂತ್ರ ಸಾಯುತ್ತದೆ. ಸತ್ತ ಜಾಗ ಯಾವುದು? ಟೈಮರ್ ಕೋಡ್. ಆಗ ಓಡುತ್ತಿದ್ದದ್ದು? ಪಾಪ, ಯಾವುದೋ ಬ್ರೌಸರ್. ತಪ್ಪು ಮಾಡಿದ ಡ್ರೈವರಿನ ಹೆಸರು ಲಾಗಿನಲ್ಲಿ ಎಲ್ಲೂ ಇಲ್ಲ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ.

ಸ್ಟೀವನ್ ರೋಸ್ಟೆಡ್ ಈ ಕಾಟಕ್ಕೆ ಒಂದು ಕೊನೆ ಕಾಣಿಸಬೇಕು ಅಂತ 2022ರಲ್ಲಿ ಪ್ಯಾಚ್ (ಕೋಡಿನ ತಿದ್ದುಪಡಿ) ಹಿಡಿದು ಬಂದರು. ಥಾಮಸ್ ಗ್ಲೀಕ್ಸ್ನರ್ ಕೈ ಹಾಕಿದ ಮೇಲೆ ಅದು ಟೈಮರ್_ಶಟ್‌ಡೌನ್_ಸಿಂಕ್ ಆಗಿ 2023ರ 6.2 ಕರ್ನಲ್ಲಿನಲ್ಲಿ ಬಂತು. ಕೆಲಸ ಸರಳ. ಟೈಮರ್ ನಿಲ್ಲಿಸುತ್ತದೆ, ಕಾಯುತ್ತದೆ, ಜೊತೆಗೆ ಅದರಲ್ಲಿದ್ದ ಕಾಲ್‌ಬ್ಯಾಕಿನ ವಿಳಾಸವನ್ನೇ ಅಳಿಸಿಹಾಕುತ್ತದೆ. ಆಮೇಲೆ ಯಾರು ಹಚ್ಚಿದರೂ ಕರ್ನಲ್ ಸದ್ದಿಲ್ಲದೆ ಕಡೆಗಣಿಸುತ್ತದೆ. ಮೊದಲು ಟೈಮರ್ ಶಟ್‌ಡೌನ್, ಆಮೇಲೆ ವರ್ಕ್‌ಕ್ಯೂ. ಗೊಂದಲ ಮುಗಿಯಿತು. ಹೊಸ ಡ್ರೈವರ್ ಬರೆಯುವವರಿಗೆ ನನ್ನ ಸಲಹೆ: ಮುಚ್ಚುವ ದಾರಿಯಲ್ಲಿ ಡಿಲೀಟ್ ಮರೆತುಬಿಡಿ, ಶಟ್‌ಡೌನ್ ಒಂದೇ ಬಳಸಿ.

ಬೀಗ ಕಂಡರೆ ಚೀಟಿ ಅಂಟಿಸಿ ಹೋಗುವುದು

ಇಲ್ಲಿಯ ತನಕ ಹೇಳಿದ್ದು ಪುಟ್ಟ ಡ್ರೈವರಿನ ಮಾತು. ದೊಡ್ಡವರು ಹೇಗೆ ಮಾಡುತ್ತಾರೆ ಅಂತ ನೋಡಬೇಕಾದರೆ ಟಿಸಿಪಿ ಕೋಡ್, ಅಂದರೆ ಜಾಲದಲ್ಲಿ ಕಳಿಸಿದ್ದು ತಲುಪಿತೇ ಅಂತ ನೋಡಿಕೊಳ್ಳುವ ಕೋಡ್, ತೆರೆಯಬೇಕು. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸೇ. ನೀವು ರೈಲಿನಲ್ಲಿ ಕೂತು ಕಳಿಸಿದ ಮೆಸೇಜು ಸುರಂಗದಲ್ಲಿ ಕಳೆದುಹೋದರೆ, ಉತ್ತರ ಬರಲಿಲ್ಲ ಅಂತ ಗಮನಿಸಿ ಮತ್ತೆ ಕಳಿಸುವುದು ಒಂದು ಟೈಮರ್. ಪ್ರತಿ ಸಂಪರ್ಕಕ್ಕೂ ಅಂಥದ್ದೊಂದು ಇರುತ್ತದೆ. ದೊಡ್ಡ ಸರ್ವರಿನಲ್ಲಿ ಲಕ್ಷಗಟ್ಟಲೆ.

ಟಿಸಿಪಿ ಸಾಕೆಟ್ಟಿಗೆ (ಸಂಪರ್ಕದ ಒಂದು ತುದಿಗೆ) ಬೇಕಾದ ಲಾಕ್ ವಿಚಿತ್ರದ್ದು. ಪ್ರೋಗ್ರಾಂ ಡೇಟಾ ಕಳಿಸುವಾಗ ಅದರ ಮೆಮೊರಿಯಿಂದ ನಕಲು ಮಾಡಿಕೊಳ್ಳಬೇಕು, ಆ ಪುಟ ಡಿಸ್ಕಿನಲ್ಲಿದ್ದರೆ ನಿದ್ದೆ ಹೋಗಬೇಕಾಗಬಹುದು. ಹಾಗಾಗಿ ಬರೀ ಸ್ಪಿನ್‌ಲಾಕ್ ಸಾಲದು. ಟೈಮರಿಗೋ ನಿದ್ದೆ ಕೂಡದು, ಹಾಗಾಗಿ ಮ್ಯೂಟೆಕ್ಸ್ ಆಗದು. ಅವರು ಎರಡನ್ನೂ ಬೆಸೆದರು. ಪ್ರೋಗ್ರಾಂ ಕಡೆಯವರು ಸ್ಪಿನ್‌ಲಾಕ್ ಹಿಡಿದು 'ಈ ಸಾಕೆಟ್ ಈಗ ನನ್ನದು' ಅಂತ ಒಂದು ಗುರುತು ಹಾಕಿ, ಕೂಡಲೇ ಸ್ಪಿನ್‌ಲಾಕ್ ಬಿಟ್ಟುಬಿಡುತ್ತಾರೆ. ಗುರುತು ಮಾತ್ರ ಕೆಲಸ ಮುಗಿಯುವ ತನಕ ಇರುತ್ತದೆ. ಟೈಮರ್ ಬಂದಾಗ ಸ್ಪಿನ್‌ಲಾಕ್ ಕ್ಷಣದಲ್ಲಿ ಸಿಗುತ್ತದೆ. ಗುರುತು ನೋಡುತ್ತದೆ. ಇಲ್ಲವಾದರೆ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಇದ್ದರೆ?

ಕಾಯುವಂತಿಲ್ಲ. ಇಲ್ಲಿ ಟಿಸಿಪಿ ಮಾಡುವುದು ಕೊರಿಯರ್ ಹುಡುಗನ ಕೆಲಸ. ಮನೆಗೆ ಬೀಗ ಹಾಕಿದ್ದರೆ ಅವನು ಬಾಗಿಲಲ್ಲೇ ಕೂರುವುದಿಲ್ಲ, ಚೀಟಿ ಅಂಟಿಸಿ ಹೋಗುತ್ತಾನೆ. ಟೈಮರ್ ಕೂಡ 'ಮತ್ತೆ ಕಳಿಸುವ ಕೆಲಸ ಬಾಕಿ ಇದೆ' ಅಂತ ಸಾಕೆಟ್ಟಿನ ಮೇಲೆ ಒಂದು ಬಿಟ್ ಹಚ್ಚಿ ಹೊರಟುಬಿಡುತ್ತದೆ. ಪ್ರೋಗ್ರಾಂ ಸಾಕೆಟ್ ಬಿಡುವಾಗ ಚೀಟಿಗಳನ್ನು ನೋಡಿ, ಟೈಮರಿನ ಪರವಾಗಿ ತಾನೇ ಆ ಕೆಲಸ ಮಾಡುತ್ತದೆ. 2012ಕ್ಕೆ ಮೊದಲು ಹೀಗಿರಲಿಲ್ಲ. ಬೀಗ ಕಂಡರೆ 50 ಮಿಲಿಸೆಕೆಂಡು ಬಿಟ್ಟು ಮತ್ತೆ ಬರುವುದು ಅಂತಿತ್ತು. ಒಂದೊಂದು ಮಿಲಿಸೆಕೆಂಡಿಗೂ ಲೆಕ್ಕ ಇಡುವ ಜಾಲದಲ್ಲಿ ಅದು ದುಬಾರಿ ಅಂತ ಎರಿಕ್ ಡುಮಾಜೆ ಚೀಟಿಯ ಪದ್ಧತಿ ತಂದರು. ತಮಾಷೆ ಅಂದರೆ, ಸುಮ್ಮನಿರುವ ಸಂಪರ್ಕ ಇನ್ನೂ ಜೀವಂತವಾಗಿದೆಯೇ ಅಂತ ನೋಡುವ ಕೀಪ್‌ಅಲೈವ್ ಟೈಮರನ್ನು ಹಳೆಯ ಪದ್ಧತಿಯಲ್ಲೇ ಬಿಟ್ಟಿದ್ದಾರೆ. ಸುಮ್ನೆ ಬಿಟ್ಟರೆ 2 ಗಂಟೆಗೊಮ್ಮೆ ಬಡಿಯುವ ಟೈಮರದು, 50 ಮಿಲಿಸೆಕೆಂಡು ತಡವಾದರೆ ಯಾರಿಗೇನು?

ನಿಲ್ಲಿಸುವ ವಿಷಯದಲ್ಲೂ ಇವರ ದಾರಿ ಬೇರೆ. ಮಾಮೂಲಿ ಸಾಕೆಟ್ಟುಗಳಿಗೆ ಸಿಂಕ್ ಅನ್ನುವುದೇ ಇಲ್ಲ. ಸಾಲಿನಲ್ಲಿರುವ ಪ್ರತಿ ಟೈಮರಿಗೂ ಸಾಕೆಟ್ಟಿನಲ್ಲಿ ಒಂದು ಪಾಲು ಕೊಟ್ಟಿರುತ್ತಾರೆ, ರೆಫರೆನ್ಸ್ ಕೌಂಟ್. ಟೈಮರ್ ಹಚ್ಚಿದಾಗ ಎಣಿಕೆ ಒಂದು ಏರುತ್ತದೆ. ಬಡಿದು ಮುಗಿದಾಗ, ಇಲ್ಲವೇ ಬಡಿಯುವ ಮೊದಲೇ ಕಿತ್ತುಹಾಕಿದಾಗ, ಒಂದು ಇಳಿಯುತ್ತದೆ. ಎಣಿಕೆ ಸೊನ್ನೆಯಾಗುವ ತನಕ ಮೆಮೊರಿಯನ್ನು ಯಾರೂ ಬಿಡುಗಡೆ ಮಾಡುವುದಿಲ್ಲ. ಕೊನೆಗೆ ಹೊರಡುವವರು ಲೈಟು ಆರಿಸಿ ಹೋಗುತ್ತಾರೆ, ಅದು ಟೈಮರೇ ಆಗಿರಬಹುದು. ಯಾರೂ ಯಾರಿಗೂ ಕಾಯಬೇಕಾಗಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕಳಿಸಿದ್ದಕ್ಕೆಲ್ಲ ಉತ್ತರ ಬಂತು, ಇನ್ನು ಮತ್ತೆ ಕಳಿಸುವ ಟೈಮರ್ ಬೇಡ. ನೀವಾದರೆ ಏನು ಮಾಡುತ್ತೀರಿ? ನಿಲ್ಲಿಸುತ್ತೀರಿ. ಟಿಸಿಪಿ ನಿಲ್ಲಿಸುವುದಿಲ್ಲ. ನಿಲ್ಲಿಸಲು ಟೈಮರ್ ಬೇಸಿನ ಲಾಕ್ ಬೇಕು, ಆ ಬೇಸ್ ಇನ್ನೊಂದು ಸಿಪಿಯುದೇ ಆಗಿರಬಹುದು, ಪ್ರತಿ ಉತ್ತರಕ್ಕೂ ಹೀಗೆ ಮಾಡಿದರೆ ಖರ್ಚು ಜಾಸ್ತಿ. 'ಬಾಕಿ ಏನೂ ಇಲ್ಲ' ಅಂತ ಸಾಕೆಟ್ಟಿನಲ್ಲಿ ಒಂದು ಸೊನ್ನೆ ಬರೆದು ಸುಮ್ಮನಾಗುತ್ತದೆ. ಟೈಮರ್ ತನ್ನ ಪಾಡಿಗೆ ಬಡಿಯುತ್ತದೆ, ಬಂದು ಲಾಕ್ ಹಿಡಿದು ನೋಡುತ್ತದೆ, ಸೊನ್ನೆ ಇದೆ, ವಾಪಸ್ ಹೋಗುತ್ತದೆ. ಗಡುವು ಮುಂದಕ್ಕೆ ಹೋಗಿದ್ದರೆ ಉಳಿದ ಹೊತ್ತಿಗೆ ತನ್ನನ್ನು ಮತ್ತೆ ಹಚ್ಚಿಕೊಳ್ಳುತ್ತದೆ. ನಿಲ್ಲಿಸುವ ಕೋಡ್ ಅಲ್ಲೇ ಇದೆ, ಆದರೆ ಕಂಪೈಲ್ ಆಗದ ಹಾಗೆ ಒಂದು ಷರತ್ತಿನೊಳಗೆ ಇಟ್ಟಿದ್ದಾರೆ. ಮೊದಲ ಸಲ ಓದಿದಾಗ ಯಾರೋ ಮರೆತಿದ್ದಾರೆ ಅಂದುಕೊಂಡಿದ್ದೆ.

ಸುಳ್ಳು ಲಾಕ್ ನಿಜವಾದದ್ದು

ಕೊನೆಯದಾಗಿ, ಕೆಲಸ ಗಡುವಿನೊಳಗೇ ಆಗಬೇಕಾದ ಕಡೆ ಬಳಸುವ ರಿಯಲ್‌ಟೈಮ್ ಕರ್ನಲ್. ವರ್ಷಗಟ್ಟಲೆ ಪ್ರತ್ಯೇಕ ಪ್ಯಾಚ್ ಆಗಿದ್ದ ಪ್ರಿಎಂಪ್ಟ್‌_ಆರ್‌ಟಿ 2024ರಲ್ಲಿ 6.12ರೊಂದಿಗೆ ಮುಖ್ಯ ಕರ್ನಲ್ಲಿನ ಭಾಗವಾಯಿತು. ಅಲ್ಲಿ ಮಾಮೂಲಿ ಸ್ಪಿನ್‌ಲಾಕ್ ಒಳಗೊಳಗೆ ನಿದ್ದೆ ಮಾಡುವ ಲಾಕ್ ಆಗಿಬಿಡುತ್ತದೆ. ಟೈಮರ್ ಕಾಲ್‌ಬ್ಯಾಕ್ ಓಡುವುದೂ ಥ್ರೆಡ್ಡಿನಲ್ಲಿ, ಅಂದರೆ ಅದಕ್ಕಿಂತ ಹೆಚ್ಚು ಆದ್ಯತೆಯ ಕೆಲಸ ಬಂದರೆ ನಡುವೆಯೇ ಪಕ್ಕಕ್ಕೆ ಸರಿಯಬೇಕು.

ಈಗ ನೋಡಿ. ಕಾಲ್‌ಬ್ಯಾಕ್ ಅರ್ಧ ಓಡಿದೆ. ಅದೇ ಸಿಪಿಯು ಮೇಲೆ ಹೆಚ್ಚು ಆದ್ಯತೆಯ ಕೆಲಸವೊಂದು ಬಂದು ಅದನ್ನು ಪಕ್ಕಕ್ಕೆ ತಳ್ಳಿತು, ತಳ್ಳಿ ಅದೇ ಟೈಮರನ್ನು ನಿಲ್ಲಿಸಲು ಹೊರಟಿತು. ಓಡುತ್ತಿದೆಯಾ? ಹೌದು. ಉಸಿರು ಬಿಟ್ಟು ಮತ್ತೆ ನೋಡೋಣ. ಮತ್ತೆ ನೋಡೋಣ. ಕಾಲ್‌ಬ್ಯಾಕ್ ಮುಗಿಯಬೇಕಾದರೆ ಸಿಪಿಯು ಬೇಕು. ಸಿಪಿಯು ಇರುವುದು ನೋಡುತ್ತಾ ನಿಂತವನ ಕೈಯಲ್ಲಿ. ಅವನು ದೊಡ್ಡವನು, ಬಿಟ್ಟುಕೊಡುವುದಿಲ್ಲ. ಇಲ್ಲಿ ಡ್ರೈವರ್ ಬರೆದವರದು ಏನೂ ತಪ್ಪಿಲ್ಲ, ಕೈಯಲ್ಲಿ ಒಂದು ಲಾಕೂ ಇಲ್ಲದೆಯೇ ಸಿಕ್ಕಿಹಾಕಿಕೊಂಡಿದ್ದಾರೆ.

ಇದಕ್ಕೆ 2019ರಲ್ಲಿ ಕಂಡುಕೊಂಡ ಪರಿಹಾರ ಓದಿದಾಗ ನನಗೆ ನಗು ಬಂತು. ಆರ್‌ಟಿ ಕರ್ನಲ್ಲಿನಲ್ಲಿ ಪ್ರತಿ ಟೈಮರ್ ಬೇಸಿಗೂ ಇನ್ನೊಂದು ಲಾಕ್ ಸೇರಿಸಿದರು, ಎಕ್ಸ್‌ಪೈರಿ_ಲಾಕ್ ಅಂತ. ಇದು ಸುಳ್ಳಿನದಲ್ಲ, ನಿಜವಾದ ಲಾಕ್. ಕಾಲ್‌ಬ್ಯಾಕುಗಳನ್ನು ಓಡಿಸುವ ಥ್ರೆಡ್ ಅದನ್ನು ಹಿಡಿದುಕೊಂಡೇ ಓಡಿಸುತ್ತದೆ. ಸಿಂಕ್ ಮಾಡಲು ಬಂದವನು ಇನ್ನು ಮೇಲೆ ಉಸಿರು ಬಿಡುತ್ತಾ ನಿಲ್ಲುವುದಿಲ್ಲ, ಆ ಲಾಕ್ ಕೇಳುತ್ತಾನೆ. ದೊಡ್ಡವನು ಲಾಕಿಗಾಗಿ ನಿಂತರೆ, ಅದನ್ನು ಹಿಡಿದಿರುವ ಚಿಕ್ಕವನಿಗೆ ದೊಡ್ಡವನ ಆದ್ಯತೆಯನ್ನೇ ಸಾಲ ಕೊಟ್ಟು ಓಡಿಸುವ ಏರ್ಪಾಡು ಆರ್‌ಟಿಯಲ್ಲಿ ಮೊದಲೇ ಇದೆ. ಕಾಲ್‌ಬ್ಯಾಕ್ ಮುಗಿಯುತ್ತದೆ, ಲಾಕ್ ದೊಡ್ಡವನ ಕೈಗೆ ಬರುತ್ತದೆ. ಅವನಿಗೆ ಅದರಿಂದ ಮಾಡುವ ಕೆಲಸವೇನೂ ಇಲ್ಲ. ಹಿಡಿಯುತ್ತಾನೆ, ಮರುಕ್ಷಣ ಬಿಡುತ್ತಾನೆ, ತನ್ನ ದಾರಿ ಹಿಡಿಯುತ್ತಾನೆ.